ಬ್ಯಾಕ್ ನದಿಯೂ ಗ್ರೇಟ್ ಫಿಶ್ ನದಿಯೂ ಒಂದೇ: ಪುರವಣಿಯ ನಕ್ಷೆ ತಿದ್ದಬೇಕು

ಮಾನ್ಯ ಸಂಪಾದಕರೇ,

1845ರಲ್ಲಿ ಆರ್ಕ್ಟಿಕ್‌ಗೆ ಹೊರಟು ಮರಳದೇ ಹೋದ ಜಾನ್ ಫ್ರಾಂಕ್ಲಿನ್ ತಂಡದ ಎರೆಬಸ್ ಮತ್ತು ಟೆರರ್ ಹಡಗುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಬರಹದ ಬಗ್ಗೆ ನಮ್ಮ ತಕರಾರಿಲ್ಲ, ತಕರಾರೆಲ್ಲ ಅದರ ಪಕ್ಕದಲ್ಲಿ ಅಚ್ಚಾದ ನಕ್ಷೆಯ ಮೇಲೆ. ಲೇಖನದಲ್ಲಿ ಹಡಗು ಬಿಟ್ಟು ಹೊರಟವರು ‘ಗ್ರೇಟ್ ಫಿಶ್ ನದಿ’ಯತ್ತ ನಡೆದರು ಎಂದಿದೆ. ನಕ್ಷೆಯಲ್ಲಿ ‘ಬ್ಯಾಕ್ ನದಿ’ ಎಂಬ ನೀಲಿ ಗೆರೆ ಇದೆ. ಅಲ್ಲಿಗೇ ನಿಂತಿದ್ದರೆ ಓದುಗರು ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಆದರೆ ನಕ್ಷೆ ಬರೆದವರು ಗ್ರೇಟ್ ಫಿಶ್ ನದಿಯನ್ನೂ ತೋರಿಸಲೇಬೇಕೆಂದು ಅದರ ಪಶ್ಚಿಮಕ್ಕೆ ಇನ್ನೊಂದು ನೀಲಿ ಗೆರೆ ಎಳೆದು ಹೆಸರು ಕೊಟ್ಟುಬಿಟ್ಟಿದ್ದಾರೆ. ಅಲ್ಲಿ ಅಂಥ ನದಿಯೇ ಇಲ್ಲ. ಸಾಲದ್ದಕ್ಕೆ ಬಾಣದ ಗುರುತು ಸಮುದ್ರದಿಂದ ಸರೋವರದ ಕಡೆಗೆ ತಿರುಗಿದೆ. ನದಿ ನಕ್ಷೆಯಲ್ಲಿ ಮೇಲಕ್ಕೆ ಹರಿಯುವುದನ್ನು ಕಂಡರೆ ನಮಗೆ ಒಗ್ಗುವುದಿಲ್ಲ, ಬಹುಶಃ ಅದೇ ಕಾರಣಕ್ಕೆ ಬಾಣವನ್ನು ಕೆಳಮುಖ ಮಾಡಿದ್ದಾರೆ. ಆದರೆ ಆರ್ಕ್ಟಿಕ್ ಸಾಗರಕ್ಕೆ ಬೀಳುವ ನದಿಗಳೆಲ್ಲ ನಕ್ಷೆಯಲ್ಲಿ ಹೆಚ್ಚುಕಡಿಮೆ ಮೇಲಕ್ಕೇ ಹರಿಯುತ್ತವೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಪತ್ರವೇಕೆ ಎನ್ನಬೇಡಿ. ಗೋವಾದಲ್ಲಿ ಕನ್ನಡ ಓದುವ ಮಕ್ಕಳು ಇಂಥ ಪುಟಗಳನ್ನು ಕತ್ತರಿಸಿ ಪ್ರಾಜೆಕ್ಟ್ ವಹಿಗೆ ಅಂಟಿಸುತ್ತಾರೆ, ಅಂಟಿಸಿದ ತಪ್ಪು ವರ್ಷಗಟ್ಟಲೆ ಉಳಿಯುತ್ತದೆ. ಅದರಲ್ಲೂ ವಾಸ್ಕೊದ ಮಕ್ಕಳಿಗೆ ಆರ್ಕ್ಟಿಕ್ ತೀರ ಪರಕೀಯವಲ್ಲ. ರಾಷ್ಟ್ರೀಯ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರ ಇಲ್ಲಿಯ ಸಡಾ ಗುಡ್ಡದ ಮೇಲೆಯೇ ಇದೆ. ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 2008ರ ಜುಲೈ 1ರಂದು ತೆರೆದ ಭಾರತದ ಸಂಶೋಧನಾ ನೆಲೆ ‘ಹಿಮಾದ್ರಿ’ಯ ಉಸ್ತುವಾರಿ ನಡೆಯುವುದು ಇಲ್ಲಿಂದ. ಅಪ್ಪ ಬಂದರಿನಲ್ಲಿ, ಮಗ ಸಡಾದ ಶಾಲೆಯಲ್ಲಿ ಎಂಬಂಥ ಕನ್ನಡದ ಮನೆಗಳಲ್ಲಿ ಆರ್ಕ್ಟಿಕ್ ಸುದ್ದಿಯನ್ನು ಗಮನವಿಟ್ಟು ಓದುವವರಿದ್ದಾರೆ.

ಮೊದಲು ನದಿಯ ವಿಚಾರ. ಬ್ಯಾಕ್ ನದಿ ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಸರೋವರಗಳ ನಾಡಿನಲ್ಲಿ ಹುಟ್ಟಿ, ಬಹುಪಾಲು ನುನಾವುತ್ ಪ್ರಾಂತದಲ್ಲಿ ಹರಿದು, ಕಿಂಗ್ ವಿಲಿಯಂ ದ್ವೀಪದ ದಕ್ಷಿಣಕ್ಕಿರುವ ಚಾಂಟ್ರಿ ಇನ್ಲೆಟ್ ಎಂಬ ಕೊಲ್ಲಿಯಲ್ಲಿ ಸಮುದ್ರ ಸೇರುತ್ತದೆ. ಉದ್ದ 974 ಕಿ.ಮೀ., ಜಲಾನಯನ 1,06,500 ಚದರ ಕಿ.ಮೀ., ಸರಾಸರಿ ಹರಿವು ಸೆಕೆಂಡಿಗೆ 612 ಘನ ಮೀಟರ್, ಅಂದರೆ 6 ಲಕ್ಷ ಲೀಟರಿಗೂ ಮಿಕ್ಕಿ. ಈ ಸರಾಸರಿಯನ್ನು ನೋಡಿ ವರ್ಷವಿಡೀ ಒಂದೇ ಸಮ ಹರಿಯುತ್ತದೆ ಎಂದುಕೊಳ್ಳಬಾರದು. ಚಳಿಗಾಲದ ಹಿಮ ಕರಗಿ ನದಿ ತುಂಬುವುದು ಜೂನ್‌–ಜುಲೈ ಹೊತ್ತಿಗೆ, ಮಂಜುಗಡ್ಡೆಯಡಿ ಅದು ತೀರ ಸೊರಗಿರುವುದು ವಸಂತದ ಮುಂಚೆ. ದಾರಿಯುದ್ದಕ್ಕೂ 83 ರಭಸಗಳಿವೆ: ಬಂಡೆಗಳ ನಡುವೆ ನೀರು ನೊರೆಯೆದ್ದು ಧುಮುಕುವ ಜಾಗಗಳು.

ನಕ್ಷೆಯಲ್ಲಿ ಇದನ್ನು ಪತ್ತೆ ಹಚ್ಚುವ ಬಗೆ ಹೀಗೆ. ಕೆನಡಾದ ಪುಟ ತೆರೆದು ಗ್ರೇಟ್ ಸ್ಲೇವ್ ಸರೋವರವನ್ನು ಹಿಡಿಯಿರಿ. (ಇದನ್ನು ‘ಗುಲಾಮರ ಸರೋವರ’ ಎಂದು ಅನುವಾದಿಸುವ ರೂಢಿ ನಮ್ಮ ಪತ್ರಿಕೆಗಳಲ್ಲಿದೆ. ಅದು ಡೆನೆ ಮೂಲನಿವಾಸಿಗಳಲ್ಲಿ ಸ್ಲೇವಿ ಎಂಬ ಜನಾಂಗದ ಹೆಸರಿನಿಂದ ಬಂದದ್ದು.) ಸರೋವರದ ಪೂರ್ವದ ತೋಳು ಮುಗಿಯುವಲ್ಲಿ ಫೋರ್ಟ್ ರಿಲಯನ್ಸ್ ಇತ್ತು. ಅಲ್ಲಿಂದ ಉತ್ತರಕ್ಕೆ ಬೆರಳಾಡಿಸಿದರೆ ಆರ್ಟಿಲರಿ, ಕ್ಲಿಂಟನ್-ಕೋಲ್ಡನ್, ಏಲ್ಮರ್ ಎಂಬ ಮೂರು ಸರೋವರಗಳು ಒಂದರ ಬೆನ್ನಿಗೊಂದು ಸಿಗುತ್ತವೆ. ಅವು ಲಾಕ್‌ಹಾರ್ಟ್ ನದಿಯ ಸರಪಳಿ. ಆ ನೀರು ಬ್ಯಾಕ್ ನದಿಗೆ ಹೋಗುವುದಿಲ್ಲ, ದಕ್ಷಿಣಕ್ಕಿಳಿದು ಗ್ರೇಟ್ ಸ್ಲೇವ್ ಸೇರಿ, ಮುಂದೆ ಮೆಕೆಂಜಿ ನದಿಯಾಗಿ ಸಾವಿರಾರು ಕಿ.ಮೀ. ದೂರದ ಬ್ಯೂಫೋರ್ಟ್ ಸಮುದ್ರಕ್ಕೆ ಬೀಳುತ್ತದೆ. ಏಲ್ಮರ್ ಸರೋವರದ ಉತ್ತರ ಮೂಲೆಯ ಮರಳು ದಿಬ್ಬ ದಾಟಿದರೆ ಸಸೆಕ್ಸ್ ಎಂಬ ಪುಟ್ಟ ಸರೋವರ. ಇಲ್ಲಿಂದ ಬ್ಯಾಕ್ ನದಿಯ ಕಥೆ ಶುರು. ಒಂದು ಸಣ್ಣ ದಿಬ್ಬದ ಎರಡು ಮಗ್ಗುಲಿಗೆ ಬಿದ್ದ ಹಿಮ ಎರಡು ಬೇರೆ ಬೇರೆ ನದಿಗಳಾಗಿ, ಕೆನಡಾದ ಆರ್ಕ್ಟಿಕ್ ಕರಾವಳಿಯಲ್ಲಿ ಒಂದಕ್ಕೊಂದು ಬಹುದೂರದ ಎರಡು ಕಡೆಗೆ ಹೋಗುತ್ತದೆ. ನಿಮ್ಮ ನಕ್ಷೆಯಲ್ಲಿ ಈ ಜಲವಿಭಜಕ ಇರಲೇ ಇಲ್ಲ. ಗ್ರೇಟ್ ಸ್ಲೇವ್‌ನಿಂದಲೇ ಗೆರೆ ಎಳೆದಿದ್ದರಿಂದ ಮೆಕೆಂಜಿಯ ನೀರು ಬ್ಯಾಕ್ ನದಿಗೆ ಸೇರಿಕೊಂಡಂತಾಗಿದೆ.

ಸಸೆಕ್ಸ್‌ನಿಂದ ಮುಂದೆ ಮಸ್ಕಾಕ್ಸ್ ಸರೋವರ, ಆಮೇಲೆ ಬೀಚಿ ಸರೋವರ. ಇಲ್ಲಿಯವರೆಗೆ ಬಂದ ನದಿಯ ದಿಕ್ಕು ನೋಡಿದರೆ ಸೀದಾ ಉತ್ತರದ ಬ್ಯಾಥರ್ಸ್ಟ್ ಇನ್ಲೆಟ್‌ಗೆ ಬಿದ್ದುಬಿಡುತ್ತದೆ ಎನಿಸುತ್ತದೆ. ಆದರೆ ಬೀಚಿ ದಾಟಿದ ಮೇಲೆ ಅದು ಪೂರ್ವ–ಆಗ್ನೇಯಕ್ಕೆ ತಿರುಗಿ, ಪೆಲ್ಲಿ, ಗ್ಯಾರಿ, ಮ್ಯಾಕ್‌ಡೂಗಲ್ ಸರೋವರಗಳನ್ನು ಹಾದು, ಕಡೆಗೆ ಈಶಾನ್ಯಕ್ಕೆ ಹೊರಳಿ ಲೇಕ್ ಫ್ರಾಂಕ್ಲಿನ್ ಮೂಲಕ ಸಮುದ್ರ ಮುಟ್ಟುತ್ತದೆ. ನದಿಬಾಯಿ ಸುಮಾರು 67 ಡಿಗ್ರಿ ಉತ್ತರ ಅಕ್ಷಾಂಶ, 95 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಆರ್ಕ್ಟಿಕ್ ವೃತ್ತ ಇರುವುದು 66 ಡಿಗ್ರಿ 33 ನಿಮಿಷಕ್ಕೆ. ಅಂದಮೇಲೆ ಈ ‘ಆರ್ಕ್ಟಿಕ್ ನದಿ’ಯ ಹೆಚ್ಚುಪಾಲು ವೃತ್ತದ ದಕ್ಷಿಣಕ್ಕೇ ಬರುತ್ತದೆ. ಹಾಗಿದ್ದೂ ಅದನ್ನು ಆರ್ಕ್ಟಿಕ್ ನದಿ ಎನ್ನುವುದು ಸರಿಯೇ. ಅದು ಆರ್ಕ್ಟಿಕ್ ಸಾಗರಕ್ಕೆ ಬೀಳುತ್ತದೆ, ಹರಿಯುವ ನೆಲ ಮರವಿಲ್ಲದ ಬ್ಯಾರನ್ ಗ್ರೌಂಡ್ಸ್, ಮಣ್ಣಿನಡಿ ಎಂದೂ ಕರಗದ ಹೆಪ್ಪು. ನಕ್ಷೆಯ ವೃತ್ತಕ್ಕಿಂತ ಮರಗಳ ಎಲ್ಲೆಯೇ ಅಲ್ಲಿಯ ಬದುಕಿಗೆ ನಿಜವಾದ ಗಡಿ.

ಈ ಸರೋವರಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಧ ಗೊಂದಲಕ್ಕೆ ಕಾರಣ ಇವೇ. ನಾವು ನೋಡಿ ಬೆಳೆದ ನದಿಗಳಿಗೆ ಕಣಿವೆ ಇದೆ, ಎರಡು ದಡ ಇದೆ, ನೀರು ಯಾವ ಕಡೆ ಹೋಗುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಕೆನಡಾದ ಶೀಲ್ಡ್ ಎಂಬ ಪುರಾತನ ಬಂಡೆನಾಡನ್ನು ಹಿಮಯುಗದ ಹಿಮರಾಶಿ ಉಜ್ಜಿ ಬೋಳಾಗಿಸಿ ಹೋದದ್ದು ಭೂವಿಜ್ಞಾನದ ಲೆಕ್ಕದಲ್ಲಿ ಮೊನ್ನೆ ಮೊನ್ನೆ. ನದಿಗೆ ತನ್ನ ಕಣಿವೆ ಕೊರೆದುಕೊಳ್ಳಲು ಸಮಯವೇ ಸಿಕ್ಕಿಲ್ಲ. ಒಂದು ತಗ್ಗು ತುಂಬಿ ಸರೋವರವಾಗುತ್ತದೆ, ತುಂಬಿದ ನೀರು ಅಂಚಿನ ತಗ್ಗಾದ ಬಂಡೆಯ ಮೇಲಿಂದ ಹೊರಚೆಲ್ಲಿ ರಭಸವಾಗುತ್ತದೆ, ಮುಂದಿನ ತಗ್ಗಿಗೆ ಬಿದ್ದು ಮತ್ತೆ ಸರೋವರ. ಹೀಗಾಗಿ ಬ್ಯಾಕ್ ನದಿ ಎಂಬುದು ಬಹುಮಟ್ಟಿಗೆ ಸರೋವರಗಳನ್ನು ರಭಸಗಳಿಂದ ಹೊಲಿದ ಸಾಲು. ಗ್ಯಾರಿ ಸರೋವರದಲ್ಲಿ ನಿಂತ ಮನುಷ್ಯನಿಗೆ ಇದು ನದಿ ಎಂದೇ ಗೊತ್ತಾಗುವುದಿಲ್ಲ. ಹರಿವಿಲ್ಲ, ಕೊಲ್ಲಿ ಕೊಲ್ಲಿಗಳಾಗಿ ಒಡೆದ ದಡ, ನಡುವೆ ದ್ವೀಪಗಳು, ಬೇಸಿಗೆ ಅರ್ಧ ಕಳೆದರೂ ತೇಲುವ ಮಂಜುಗಡ್ಡೆ. ನೀರು ಹೊರಬೀಳುವ ಬಾಯಿಯನ್ನು ದಡದ ಮೂಲೆಮೂಲೆಗೂ ಹೋಗಿ ಹುಡುಕಬೇಕು. ಇಂಥ ಕಡೆ ‘ಇದು ಯಾವ ನದಿ’ ಎಂಬ ಪ್ರಶ್ನೆಗೆ ಉತ್ತರ ನೆಲದ ಮೇಲೆ ಬರೆದಿರುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹೋಗಿ ನೋಡಿದವರು ಹೇಳಬೇಕು.

ಹೊರಗಿನವರಲ್ಲಿ ಹಾಗೆ ಮೊದಲು ಹೋದವರು ಬ್ರಿಟಿಷ್ ನೌಕಾಪಡೆಯ ಜಾರ್ಜ್ ಬ್ಯಾಕ್. 1796ರಲ್ಲಿ ಹುಟ್ಟಿದ ಇವರು ಫ್ರಾಂಕ್ಲಿನ್ ಜತೆ 1819–22ರಲ್ಲಿ ಕಾಪರ್‌ಮೈನ್ ನದಿಗೂ, 1825–27ರಲ್ಲಿ ಮೆಕೆಂಜಿಗೂ ಹೋಗಿಬಂದವರು. 1829ರಲ್ಲಿ ಹೊರಟ ಜಾನ್ ರಾಸ್ ಎಂಬ ಕಪ್ತಾನನ ಸುದ್ದಿಯೇ ಇಲ್ಲವೆಂದು, ಅವನನ್ನು ಹುಡುಕಲು ಬ್ಯಾಕ್ 1833ರಲ್ಲಿ ಇಂಗ್ಲೆಂಡ್ ಬಿಟ್ಟರು. ಗ್ರೇಟ್ ಸ್ಲೇವ್ ಸುತ್ತಲಿನ ಡೆನೆ ಜನರು ಅವರಿಗೆ ಎರಡು ನದಿಗಳ ವಿಷಯ ಹೇಳಿದ್ದರು. ಒಂದು ಥೆಲಾನ್, ಇನ್ನೊಂದು ‘ಥ್ಲೂ-ಈ-ಚೋ’. ಈ ಎರಡನೆಯದನ್ನೇ ಬ್ಯಾಕ್ ಇಂಗ್ಲಿಷಿಗೆ ತಿರುಗಿಸಿ ಗ್ರೇಟ್ ಫಿಶ್ ರಿವರ್ ಎಂದು ಬರೆದುಕೊಂಡರು. ಥೆಲಾನ್ ಹಿಡಿದಿದ್ದರೆ ಬೇಕರ್ ಲೇಕ್ ಮೂಲಕ ಹಡ್ಸನ್ ಕೊಲ್ಲಿಗೆ ಹೋಗುತ್ತಿದ್ದರು, ಈ ಪತ್ರದ ಅಗತ್ಯವೂ ಇರುತ್ತಿರಲಿಲ್ಲ. 1833ರ ಆಗಸ್ಟ್ ಕೊನೆಗೆ ಅವರು ಸಸೆಕ್ಸ್ ಸರೋವರ ಕಂಡು ಹಿಂದಿರುಗಿದರು, ಫೋರ್ಟ್ ರಿಲಯನ್ಸ್‌ನಲ್ಲಿ ಚಳಿಗಾಲ ಕಳೆದರು. ಯೆಲ್ಲೊನೈಫ್ ಡೆನೆ ಮುಖಂಡ ಅಕೈಚೊ ಬೇಟೆಯ ಮಾಂಸ ಒದಗಿಸಿ ನೆರವಾದದ್ದು ಇದೇ ಚಳಿಗಾಲದಲ್ಲಿ. 1834ರ ಏಪ್ರಿಲ್‌ನಲ್ಲಿ ರಾಸ್ ಸುರಕ್ಷಿತವಾಗಿ ಇಂಗ್ಲೆಂಡ್ ಮುಟ್ಟಿದ ಸುದ್ದಿ ಬಂತು. ಹುಡುಕಾಟದ ಕೆಲಸ ಮುಗಿದರೂ ನದಿಯ ಕೆಲಸ ಬಾಕಿ ಇತ್ತು. 30 ಅಡಿಯ ದೋಣಿಯನ್ನು ಮಂಜುಗಡ್ಡೆಯ ಮೇಲೆ ಎಳೆದು ತಂದು, ಜುಲೈಯಲ್ಲಿ ನೀರಿಗಿಳಿಸಿ, ತಿಂಗಳು ತುಂಬುವಷ್ಟರಲ್ಲಿ ಸಮುದ್ರ ಕಂಡರು. ಸೆಪ್ಟೆಂಬರ್ ಕೊನೆಗೆ ರಿಲಯನ್ಸ್‌ಗೆ ವಾಪಸಾದರು.

ಹೋಗುತ್ತ ಹೋಗುತ್ತ ಅವರು ಇಟ್ಟ ಹೆಸರುಗಳೇ ಇಂದಿನ ನಕ್ಷೆಯಲ್ಲಿವೆ. ಓದಿದರೆ ಲಂಡನ್ನಿನ ದಾನಿಗಳ ಪಟ್ಟಿ ಓದಿದಂತಿದೆ. ಸಸೆಕ್ಸ್ ಅಂದರೆ ರಾಜಮನೆತನದ ಡ್ಯೂಕ್. ಪೆಲ್ಲಿ ಅಂದರೆ ತುಪ್ಪಳ ವ್ಯಾಪಾರದ ಹಡ್ಸನ್ ಬೇ ಕಂಪನಿಯ ಗವರ್ನರ್, ಗ್ಯಾರಿ ಅಂದರೆ ಅದೇ ಕಂಪನಿಯ ಡೆಪ್ಯುಟಿ ಗವರ್ನರ್. ಬೀಚಿ ಒಬ್ಬ ನೌಕಾ ಕಪ್ತಾನ, ಚಾಂಟ್ರಿ ಒಬ್ಬ ಶಿಲ್ಪಿ. ಇವರಲ್ಲಿ ಯಾರೂ ಆ ನೀರನ್ನು ಕಂಡವರಲ್ಲ. ಒಂದು ಸಂಗತಿ ಮಾತ್ರ ಬ್ಯಾಕ್ ಅವರ ಪರವಾಗಿ ಹೇಳಬೇಕು: ನದಿಗೆ ಅವರು ತಮ್ಮ ಹೆಸರಿಡಲಿಲ್ಲ. ಡೆನೆಯವರು ಹೇಳಿದ್ದನ್ನೇ ಇಟ್ಟುಕೊಂಡರು, 1836ರಲ್ಲಿ ಅಚ್ಚಾದ ಅವರ ಪ್ರವಾಸ ವರದಿಯಲ್ಲೂ ಗ್ರೇಟ್ ಫಿಶ್ ನದಿ ಎಂದೇ ಇದೆ. ಬೇರೆಯವರು ಅದನ್ನು ‘ಬ್ಯಾಕ್‌ನ ಗ್ರೇಟ್ ಫಿಶ್ ನದಿ’ ಎಂದು ಕರೆಯತೊಡಗಿದರು, ಅದು ಸವೆದು ‘ಬ್ಯಾಕ್‌ನ ಫಿಶ್ ನದಿ’ ಆಯಿತು, ಕಡೆಗೆ ಮೀನು ಜಾರಿಹೋಗಿ ಬ್ಯಾಕ್ ಒಬ್ಬರೇ ಉಳಿದರು. ಅಧಿಕೃತ ಪಟ್ಟಿಯಲ್ಲಿ ಇಂದು ಇರುವುದು ಬ್ಯಾಕ್ ರಿವರ್. ಹಾಗಾಗಿ ನಿಮ್ಮ ಲೇಖಕರು ಬಳಸಿದ್ದು 19ನೇ ಶತಮಾನದ ಹೆಸರು, ನಕ್ಷೆಯವರು ಬಳಸಿದ್ದು ಇಂದಿನ ಹೆಸರು. ಇಬ್ಬರೂ ಸರಿ. ಇಬ್ಬರೂ ಒಮ್ಮೆ ಮಾತಾಡಿಕೊಂಡಿದ್ದರೆ ಎರಡನೇ ಗೆರೆ ಹುಟ್ಟುತ್ತಿರಲಿಲ್ಲ.

ಎರಡು ನದಿ ಎಂದುಕೊಂಡರೆ ಲೇಖನದ ತಿರುಳೇ ಕೆಡುತ್ತದೆ. 1845ರ ಮೇ 19ರಂದು ಹೊರಟ ಫ್ರಾಂಕ್ಲಿನ್ ಹಡಗುಗಳು 1846ರ ಸೆಪ್ಟೆಂಬರ್‌ನಲ್ಲಿ ಕಿಂಗ್ ವಿಲಿಯಂ ದ್ವೀಪದ ವಾಯವ್ಯಕ್ಕೆ ಮಂಜಿನಲ್ಲಿ ಸಿಕ್ಕಿಬಿದ್ದವು. 1847ರ ಜೂನ್ 11ರಂದು ಫ್ರಾಂಕ್ಲಿನ್ ತೀರಿಕೊಂಡರು. 1848ರ ಏಪ್ರಿಲ್ 25ರ ಚೀಟಿಯಲ್ಲಿ ಉಳಿದ 105 ಮಂದಿ ಹಡಗು ತೊರೆದದ್ದು ದಾಖಲಾಗಿದೆ. ಮುದ್ರಿತ ನಮೂನೆಯ ಅಂಚಿನಲ್ಲಿ, ಸುತ್ತಲೂ ಕಾಗದ ತಿರುಗಿಸುತ್ತ ಬರೆದ ಆ ಟಿಪ್ಪಣಿಯ ಕೊನೆಯ ಸಾಲು ಟೆರರ್ ಹಡಗಿನ ಕಪ್ತಾನ ಕ್ರೋಜಿಯರ್‌ ಅವರ ಕೈಬರಹ: ನಾಳೆ 26ರಂದು ‘ಬ್ಯಾಕ್‌ನ ಫಿಶ್ ನದಿ’ಗೆ ಹೊರಡುತ್ತೇವೆ. ಈ ಒಂದೇ ಸಾಲಿನಲ್ಲಿ ಎರಡೂ ಹೆಸರುಗಳು ಒಟ್ಟಿಗಿವೆ. ನಿಮ್ಮ ನಕ್ಷೆಯ ಎರಡು ಗೆರೆಗಳಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆ ಚೀಟಿ ಸಿಕ್ಕ ವಿಕ್ಟರಿ ಪಾಯಿಂಟ್‌ನಿಂದ ನದಿಯ ಬಾಯಿಗೆ ನೇರ ಗೆರೆ ಎಳೆದರೂ ಸುಮಾರು 300 ಕಿ.ಮೀ. ಅಲ್ಲಿ ಮುಟ್ಟಿದರೂ ಮುಗಿಯುವುದಿಲ್ಲ. ಅತಿ ಸಮೀಪದ ಬಿಳಿಯರ ಠಾಣೆ ಇದ್ದುದು ನದಿಯ ಇನ್ನೊಂದು ತುದಿಯಾಚೆ, ಗ್ರೇಟ್ ಸ್ಲೇವ್ ಸರೋವರದ ಬಳಿ. ಪ್ರವಾಹಕ್ಕೆ ಎದುರಾಗಿ, 83 ರಭಸಗಳಲ್ಲಿ ಪ್ರತಿಯೊಂದರಲ್ಲೂ ದೋಣಿಯನ್ನು ಹಗ್ಗ ಕಟ್ಟಿ ಎಳೆದೋ ಹೊತ್ತೋ ಸಾಗಿಸಬೇಕು. ಸಮುದ್ರಕ್ಕೆಂದು ಕಟ್ಟಿದ ಭಾರದ ದೋಣಿಗಳು ಆ ಕೆಲಸಕ್ಕೆ ಆಗುವಂಥವಲ್ಲ. ಅವರು ಮೇಲೇರುವ ಉದ್ದೇಶದಿಂದಲೇ ಹೋದರೇ, ನದಿಬಾಯಿಯಲ್ಲಿ ಮೀನು, ಬೇಟೆ ಸಿಗುತ್ತದೆಂದು ಹೋದರೇ ಎಂಬ ವಾದ ಇನ್ನೂ ಇದೆ. ನಮಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ, ಏಕೆಂದರೆ ಬ್ಯಾಕ್ ಅವರ ವರದಿ ಓದಿದ ಯಾವ ಅಧಿಕಾರಿಗೂ ಆ ರಭಸಗಳ ವಿಷಯ ತಿಳಿಯದೇ ಇರುವುದಿಲ್ಲ. ಇನ್ನೊಂದು ಸಂಗತಿ ನಿಮ್ಮ ಲೇಖನದಲ್ಲಿ ಬಿಟ್ಟುಹೋಗಿದೆ. ಅವರು ಬಿಟ್ಟು ಬಂದ ಟೆರರ್ ಹಡಗಿಗೆ 1836–37ರಲ್ಲಿ ಕಪ್ತಾನರಾಗಿದ್ದವರು ಇದೇ ಜಾರ್ಜ್ ಬ್ಯಾಕ್. ಆಗಲೂ ಅದು ಹಡ್ಸನ್ ಕೊಲ್ಲಿಯ ಉತ್ತರದಲ್ಲಿ ಮಂಜಿನಲ್ಲಿ ಸಿಕ್ಕಿ ನಜ್ಜುಗುಜ್ಜಾಗಿ ಹೇಗೋ ಮನೆಗೆ ಮರಳಿತ್ತು.

ಬ್ಯಾಕ್ ಜತೆ 1834ರಲ್ಲಿ ವೈದ್ಯರಾಗಿ ಹೋಗಿದ್ದ ರಿಚರ್ಡ್ ಕಿಂಗ್, ಫ್ರಾಂಕ್ಲಿನ್ ತಂಡವನ್ನು ಈ ನದಿಯ ಮೂಲಕ ಹೋಗಿ ಹುಡುಕಬೇಕೆಂದು 1847ರಿಂದಲೇ ಸರಕಾರದ ಬೆನ್ನು ಬಿದ್ದಿದ್ದರು. ಯಾರೂ ಕಿವಿಗೊಡಲಿಲ್ಲ. ಮನುಷ್ಯನ ಸ್ವಭಾವ ಮುಂಗೋಪದ್ದು, ಮೇಲಿನವರಿಗೆ ಹಿಡಿಸುತ್ತಿರಲಿಲ್ಲ. ಆದರೆ ಭೂಗೋಳದ ಲೆಕ್ಕದಲ್ಲಿ ಅವರೇ ಸರಿ ಇದ್ದರು. 1854ರಲ್ಲಿ ಜಾನ್ ರೇ ಎಂಬ ಹಡ್ಸನ್ ಬೇ ಕಂಪನಿಯ ವೈದ್ಯ ಪೆಲ್ಲಿ ಬೇ ಎಂಬ ಕೊಲ್ಲಿಯ ಕಡೆಯಲ್ಲಿ, ಅಲ್ಲಿಯ ಮೂಲನಿವಾಸಿಗಳಾದ ಇನುಯಿತ್ ಜನರಿಂದ, ಪಶ್ಚಿಮದ ಒಂದು ದೊಡ್ಡ ನದಿಯ ಬಳಿ ಬಿಳಿಯರು ಹಸಿವಿನಿಂದ ಸತ್ತ ಸುದ್ದಿ ಕೇಳಿದರು. ಅವರು ಹೇಳಿದ ತಗ್ಗು ದಡ, ದ್ವೀಪ, ಹಾದಿಯ ದಿನಗಳ ಲೆಕ್ಕ ಹಿಡಿದು ಅದು ಬ್ಯಾಕ್‌ನ ಗ್ರೇಟ್ ಫಿಶ್ ನದಿಯೇ ಎಂದು ಗುರುತಿಸಿದರು. ಗಮನಿಸಿ: ಹೇಳಿದವರಿಗೂ ಕೇಳಿದವರಿಗೂ ನದಿಯ ಹೆಸರು ಬೇರೆ ಬೇರೆ. ಹೆಸರು ಉಪಯೋಗಕ್ಕೆ ಬರಲಿಲ್ಲ, ನೆಲದ ವರ್ಣನೆ ಬಂತು.

ಮರುವರ್ಷ, 1855ರ ಬೇಸಿಗೆಯಲ್ಲಿ, ಜೇಮ್ಸ್ ಆ್ಯಂಡರ್ಸನ್ ಮತ್ತು ಜೇಮ್ಸ್ ಸ್ಟೀವರ್ಟ್ ತೊಗಟೆ ದೋಣಿಗಳಲ್ಲಿ ನದಿಯಿಡೀ ಇಳಿದು ಬಾಯಿಯ ಮಾಂಟ್ರಿಯಲ್ ದ್ವೀಪ ಮುಟ್ಟಿದರು. ಎರೆಬಸ್‌ನ ವೈದ್ಯ ಸ್ಟ್ಯಾನ್ಲಿಯ ಹೆಸರಿದ್ದ ಮರದ ಚೂರು, ಟೆರರ್ ಎಂದು ಕೆತ್ತಿದ ಹಲಗೆ ಸಿಕ್ಕವು. ಇಷ್ಟು ದೂರ ಬಂದ ತಂಡದಲ್ಲಿ ಇನುಯಿತ್ ಭಾಷೆ ಬಲ್ಲ ದುಭಾಷಿ ಒಬ್ಬನೂ ಇರಲಿಲ್ಲ! ದಾರಿಯಲ್ಲಿ ಸಿಕ್ಕ ಇನುಯಿತ್ ಕುಟುಂಬಗಳೊಂದಿಗೆ ಕೈಸನ್ನೆಯಲ್ಲೇ ಮಾತು ಮುಗಿಯಿತು. ಏನು ನೋಡಿದಿರಿ, ಎಷ್ಟು ಜನ, ಯಾವ ಕಡೆ ಎಂದು ಕೇಳಬಹುದಾದ ಒಂದೇ ಅವಕಾಶ ಹೀಗೆ ಹೋಯಿತು. ಕಡೆಗೆ ಎರೆಬಸ್ ಸಿಕ್ಕಿದ್ದು 2014ರಲ್ಲಿ, ಟೆರರ್ 2016ರಲ್ಲಿ. ಎರಡೂ ಸಲ ಇನುಯಿತ್ ಜನರ ಮಾಹಿತಿ ದಾರಿ ತೋರಿಸಿತು.

ಈಗ ಅಲ್ಲಿಯವರ ಹೆಸರುಗಳ ಮಾತು. ನದಿಬಾಯಿಯ ಕಡೆಯವರು ಉಟ್ಕುಹಿಕ್ಸಾಲಿಕ್ ನಾಡಿನವರು. ಬಳಪದ ಕಲ್ಲಿನ ಅಡುಗೆ ಪಾತ್ರೆಗೆ ಕಲ್ಲು ಸಿಗುವ ಜಾಗವೆಂದು ಆ ಹೆಸರು. ಮೇಲಿನ ಗ್ಯಾರಿ ಸರೋವರವನ್ನು ಇನುಯಿತ್ ಜನ ಹನ್ನಿಂಗಾಯುಕ್ ಎನ್ನುತ್ತಾರೆ, ಸುತ್ತಲಿನವರಿಗೂ ಅದರಿಂದಲೇ ಹೆಸರು. ಇಡೀ 974 ಕಿ.ಮೀ.ಗೆ ಒಂದೇ ಹೆಸರು ಬೇಕೆನಿಸುವುದು ನಕ್ಷೆ ಮಾಡುವವನಿಗೆ. ಅಲ್ಲಿ ಬದುಕುವವನಿಗೆ ಮೀನು ಸಿಗುವ ತಿರುವು, ಕ್ಯಾರಿಬೂ ಹಿಂಡು ದಾಟುವ ಕಡವು, ಕಲ್ಲು ಸಿಗುವ ದಡ, ಇವುಗಳ ಹೆಸರು ಬೇಕು. ಇದು ನಮಗೇನೂ ಹೊಸತಲ್ಲ: ಖಾನಾಪುರದ ಭೀಮಗಡ ಕಾಡಿನಲ್ಲಿ ಮಹದಾಯಿ ಎಂದು ಹುಟ್ಟುವ ನೀರು ಪಣಜಿಯ ಸೇತುವೆ ಕೆಳಗೆ ಮಾಂಡವಿಯಾಗಿರುತ್ತದೆ, ನಿಮ್ಮ ಪತ್ರಿಕೆಯೇ ಬೆಳಗಾವಿ ಸುದ್ದಿಯಲ್ಲಿ ಒಂದು, ಗೋವಾ ಸುದ್ದಿಯಲ್ಲಿ ಇನ್ನೊಂದು ಬರೆಯುತ್ತದೆ. ಅದಕ್ಕೆ ಯಾರೂ ಎರಡು ಗೆರೆ ಎಳೆದಿಲ್ಲ.

ಕೆನಡಾದಲ್ಲಿ ಸ್ಥಳನಾಮಗಳಿಗೆ 1897ರಿಂದಲೂ ಒಂದು ಮಂಡಳಿ ಇದೆ. 1999ರ ಏಪ್ರಿಲ್ 1ರಂದು ನುನಾವುತ್ ಪ್ರತ್ಯೇಕವಾದ ಮೇಲೆ ಅಲ್ಲಿಯ ಹೆಸರುಗಳ ತೀರ್ಮಾನ ಆ ಪ್ರಾಂತದ ಕೈಗೆ ಬಂದಿದೆ. ಇನುಯಿತ್ ಹೆರಿಟೇಜ್ ಟ್ರಸ್ಟ್ ಹಿರಿಯರನ್ನು ಕೇಳಿ ಹಳೆಯ ಹೆಸರುಗಳನ್ನು ನಕ್ಷೆಗೆ ಇಳಿಸುವ ಕೆಲಸ ಮಾಡುತ್ತಿದೆ. ಆದರೆ ಊರಿನ ಹೆಸರು ಬದಲಾದ ತಕ್ಷಣ ಪಕ್ಕದ ನೀರಿನ ಹೆಸರೂ ಬದಲಾಗುತ್ತದೆ ಎಂದು ಪತ್ರಿಕೆಗಳು ಭಾವಿಸಬಾರದು. ಫ್ರೋಬಿಷರ್ ಬೇ ಎಂಬ ಊರು 1987ರಲ್ಲಿ ಇಕಾಲುಇತ್ ಆಯಿತು, ಕೊಲ್ಲಿ ಇನ್ನೂ ಫ್ರೋಬಿಷರ್ ಕೊಲ್ಲಿಯೇ. ಕಾಪರ್‌ಮೈನ್ ಊರು 1996ರ ಜನವರಿ 1ರಿಂದ ಕುಗ್ಲುಕ್ತುಕ್, ನದಿ ಮಾತ್ರ ಕಾಪರ್‌ಮೈನ್. ನಿಮ್ಮ ನಕ್ಷೆಯಲ್ಲಿ ‘ಕುಗ್ಲುಕ್ತುಕ್ ನದಿ’ ಎಂದೂ ಒಂದು ಕಂಡಿತು, ಅದನ್ನೂ ಜತೆಯಲ್ಲೇ ತಿದ್ದಿಬಿಡಿ.

ಇಂಟರ್ನೆಟ್ಟಿನಲ್ಲಿ ಹೆಸರು ಹಾಕಿ ಹುಡುಕಿ ನಕ್ಷೆ ಮಾಡುವ ನಿಮ್ಮ ಕಲಾ ವಿಭಾಗದವರಿಗೆ ಕೆಲವು ಗುಂಡಿಗಳನ್ನು ತೋರಿಸಿಕೊಡುತ್ತೇವೆ. ಗ್ರೇಟ್ ಫಿಶ್ ನದಿ ಎಂದು ಹುಡುಕಿದರೆ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನ ನದಿ ಮೊದಲು ಬರುತ್ತದೆ. ಬ್ಯಾಕ್ ನದಿ ಎಂದರೆ ಅಮೆರಿಕದ ಬಾಲ್ಟಿಮೋರ್ ಪಕ್ಕದ್ದೊಂದಿದೆ. ಎಲ್ಲಕ್ಕಿಂತ ಕೆಟ್ಟ ಗುಂಡಿ ಇದು: ಬ್ಯಾಕ್ ನದಿ, ಮಾಂಟ್ರಿಯಲ್ ದ್ವೀಪ ಎಂದು ಎರಡನ್ನೂ ಸೇರಿಸಿ ಖಚಿತಪಡಿಸಿಕೊಳ್ಳಲು ಹೊರಟರೆ ಕ್ವಿಬೆಕ್‌ನ ಮಾಂಟ್ರಿಯಲ್ ಮಹಾನಗರ ಎದುರಾಗುತ್ತದೆ. ಆ ನಗರ ಕೂತಿರುವ ದ್ವೀಪದ ಹೆಸರೂ ಮಾಂಟ್ರಿಯಲ್, ಅದರ ಉತ್ತರದ ರಿವಿಯೆರ್ ದೆ ಪ್ರೆರಿ ಎಂಬ ಹೊಳೆಯನ್ನು ಅಲ್ಲಿಯ ಇಂಗ್ಲಿಷಿನವರು ಆಡುಮಾತಿನಲ್ಲಿ ಕರೆಯುವುದೂ ಬ್ಯಾಕ್ ರಿವರ್ ಎಂದೇ. ಎರಡು ಹೆಸರು ಹೊಂದಿದವು, ಜಾಗ ಮಾತ್ರ ಸಾವಿರಾರು ಕಿ.ಮೀ. ಆಚೆ. ಚಾಂಟ್ರಿ ಇನ್ಲೆಟ್‌ಗೆ ಬೀಳುವ ಹೇಯ್ಸ್ ನದಿಯದೂ ಇದೇ ಪಾಡು. 1879ರಲ್ಲಿ ಅಮೆರಿಕದ ಶ್ವಾಟ್ಕಾ ತಮ್ಮ ಅಧ್ಯಕ್ಷರ ಹೆಸರಿಟ್ಟ ನದಿ ಅದು, ಮ್ಯಾನಿಟೋಬಾದ ಹಳೆಯ ಹೇಯ್ಸ್ ನದಿ ಬೇರೆ. ಇನ್ನು ವಾಣಿಜ್ಯ ಪುಟದವರಿಗೆ: ಬ್ಯಾಕ್ ರಿವರ್ ಎಂದು ಈಚೆಗೆ ಬರುವ ಸುದ್ದಿಗಳಲ್ಲಿ ಬಹಳಷ್ಟು ನುನಾವುತ್‌ನ ಚಿನ್ನದ ಗಣಿ ಪ್ರದೇಶದ್ದು, ನದಿಯದಲ್ಲ.

ಇದಕ್ಕೆಲ್ಲ ಮದ್ದು ಒಂದೇ, ಹೆಸರಿನ ಬದಲು ನದಿಬಾಯಿಯ ಅಕ್ಷಾಂಶ–ರೇಖಾಂಶ ಹಾಕಿ ಹುಡುಕುವುದು. ನದಿಗಳ ಮಟ್ಟಿಗೆ ಬಾಯಿಯಿಂದ ಮೂಲಕ್ಕೆ ಹೋಗುವುದು ಯಾವಾಗಲೂ ಕ್ಷೇಮ. ಬಾಯಿ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ಮೂಲಗಳ ಬಗ್ಗೆ ಜಗಳ ಇರುತ್ತದೆ. ಬ್ಯಾಕ್ ನದಿಯ ಉದ್ದವನ್ನೇ ನೋಡಿ. 974 ಕಿ.ಮೀ. ಎಂಬುದು ಮಸ್ಕಾಕ್ಸ್ ಸರೋವರದ ಹೊರಬಾಯಿಯಿಂದ ತೆಗೆದ ಲೆಕ್ಕ. ಜಾರ್ಜ್ ಬ್ಯಾಕ್ ಮೂಲವೆಂದ ಸಸೆಕ್ಸ್ ಅದಕ್ಕೂ ಮೇಲಿದೆ. ಇನ್ನೂ ಮೇಲಿನ ಹೆಸರಿಲ್ಲದ ಸರೋವರವೊಂದನ್ನು ಮೂಲವೆನ್ನುವವರಿದ್ದಾರೆ. ಆದ್ದರಿಂದ ಒಂದು ಪುಸ್ತಕದಲ್ಲಿ 974, ಇನ್ನೊಂದರಲ್ಲಿ ‘974ಕ್ಕೂ ಹೆಚ್ಚು’ ಎಂದಿದ್ದರೆ ಯಾರೂ ಸುಳ್ಳು ಹೇಳುತ್ತಿಲ್ಲ. ಸರೋವರದೊಳಗೆ ಗೆರೆ ಎಲ್ಲಿ ಎಳೆಯಬೇಕೆಂಬುದೂ ಅಳೆಯುವವನ ಮರ್ಜಿ. ಗ್ಯಾರಿಯ ನಡುನೀರಿನಲ್ಲಿ ನೇರ ಹೋದರೆ ಒಂದು ಅಂಕಿ, ದಡ ಹಿಡಿದರೆ ಇನ್ನೊಂದು. ಮಕ್ಕಳಿಂದ ಅಳೆಸುವ ಶಿಕ್ಷಕರು ಮಾಪಕವನ್ನೂ ಗಮನಿಸಬೇಕು. 3 ಕೋಟಿಗೆ 1ರ ಶಾಲಾ ಅಟ್ಲಾಸಿನಲ್ಲಿ ಈ ನದಿ ಬರೀ 3 ಸೆಂ.ಮೀ. ಎಳೆ, ತಿರುವುಗಳೆಲ್ಲ ನುಂಗಿಹೋಗಿರುತ್ತವೆ, ಅಳೆದರೆ ಉದ್ದ ಕಡಿಮೆಯೇ ಬರುತ್ತದೆ. ಕೆನಡಾ ಸರಕಾರದ ಎರಡೂವರೆ ಲಕ್ಷಕ್ಕೆ 1ರ ಹಾಳೆಗಳನ್ನು ಜೋಡಿಸಿದರೆ ಅದೇ ನದಿ ಸುಮಾರು 3.9 ಮೀಟರ್ ಆಗುತ್ತದೆ. ದಾರ ಇಟ್ಟು ಅಳೆಯುವ ಪ್ರಾಜೆಕ್ಟನ್ನು ಅಟ್ಲಾಸಿನ ಮೇಲೆ ಮಾಡಿಸಿ ‘ಉತ್ತರ ತಪ್ಪು’ ಎಂದು ಅಂಕ ಕಳೆಯುವುದು ಅನ್ಯಾಯ.

ಕನ್ನಡದಲ್ಲಿ ಬರೆಯುವ ಬಗ್ಗೆ ಎರಡು ಮಾತು. ಬ್ಯಾಕ್ ಎಂಬುದು ಮನೆತನದ ಹೆಸರು, ಯಂತ್ರಾನುವಾದಕ್ಕೆ ಕೊಟ್ಟರೆ ‘ಹಿಂದಿನ ನದಿ’ ಎಂದು ವಾಪಸು ಬರುತ್ತದೆ, ಜೋಪಾನ. ಇನುಯಿತ್ ಹೆಸರುಗಳನ್ನು ಬರೆಯಲು ಇಂಗ್ಲಿಷಿಗಿಂತ ನಮ್ಮ ಲಿಪಿಯೇ ಅನುಕೂಲ. ಹ್ರಸ್ವ, ದೀರ್ಘ, ದ್ವಿತ್ವ ಮೂರೂ ಅಲ್ಲಿ ಅರ್ಥ ಬದಲಿಸುತ್ತವೆ, ಮೂರಕ್ಕೂ ನಮ್ಮಲ್ಲಿ ಅಕ್ಷರ ಇದೆ. ಆಮುಂಡ್ಸನ್ 1903–05ರಲ್ಲಿ ತಂಗಿದ್ದ ಜೋ ಹೇವನ್‌ಗೆ ಅಲ್ಲಿಯವರು ಹೇಳುವುದು ಉಕ್ಸುಕ್ತೂಕ್, ‘ತೂ’ ದೀರ್ಘ. ಗಂಟಲಾಳದಿಂದ ಬರುವ ಅವರ ಕಕಾರಕ್ಕೆ ಮಾತ್ರ ನಮ್ಮಲ್ಲಿ ಬೇರೆ ಅಕ್ಷರವಿಲ್ಲ, ಕ ಎಂದೇ ಬರೆಯಬೇಕು.

ಪುರವಣಿಯ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ ಇಷ್ಟು ಸಾಕು: ‘ನಕ್ಷೆಯಲ್ಲಿ ಪಶ್ಚಿಮಕ್ಕೆ ತೋರಿಸಿದ ಗ್ರೇಟ್ ಫಿಶ್ ಎಂಬ ನದಿ ಅಲ್ಲಿ ಇಲ್ಲ. ಬ್ಯಾಕ್ ನದಿಯ ಹಳೆಯ ಹೆಸರೇ ಗ್ರೇಟ್ ಫಿಶ್. ಅದು ಏಲ್ಮರ್ ಸರೋವರದ ಉತ್ತರದ ಸಸೆಕ್ಸ್ ಸರೋವರದ ಕಡೆಯಿಂದ ಹೊರಟು ಚಾಂಟ್ರಿ ಇನ್ಲೆಟ್ ಸೇರುತ್ತದೆ, ಹರಿವು ಈಶಾನ್ಯಕ್ಕೆ. ಕುಗ್ಲುಕ್ತುಕ್ ನದಿ ಎಂದಿರುವಲ್ಲಿ ಕಾಪರ್‌ಮೈನ್ ನದಿ ಎಂದು ಓದಿಕೊಳ್ಳಬೇಕು.’ ಹೊಸ ನಕ್ಷೆಯನ್ನೇ ಅಚ್ಚು ಹಾಕಲು ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಶಾಲೆಗಳಲ್ಲಿ ಪ್ರಾಜೆಕ್ಟ್ ವಹಿ ಒಪ್ಪಿಸುವುದು ತಿಂಗಳ ಕೊನೆಗೆ, ಅಷ್ಟರೊಳಗೆ ಬಂದರೆ ಹಳೆಯದರ ಮೇಲೆ ಹೊಸದನ್ನು ಅಂಟಿಸಿಕೊಳ್ಳಬಹುದು.

ಇಂತಿ,
ವಾಸ್ಕೊ ಮತ್ತು ಮಡಗಾಂವ್‌ನ ಕೆಲವು ಕನ್ನಡ ಭೂಗೋಳ ಶಿಕ್ಷಕರು
ಗೋವಾ